ಹಳಿಯಾಳದ ಬಾಗಿಲ ಮೇಲಿನ ಕಡಲ ಬೀಸಣಿಗೆ

ಪ್ರಾಣಿಶಾಸ್ತ್ರ ಕಲಿಸಲು ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಬಂದು ಕುರ್ಚಿಯಲ್ಲಿ ಕೂತು, "ಮೇಡಂ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ನಾನು ಕೂತು ಮಾತಾಡುವವಳಲ್ಲ. ತರಗತಿಯಲ್ಲೂ ಬೆಂಚುಗಳ ನಡುವೆ ಓಡಾಡುತ್ತಲೇ ಪಾಠ ಮಾಡಿದವಳು. ಇದನ್ನು ಕೂಡ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು, ನಿಂತೇ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಏನು ಹೊಗಳಿದರು ಎಂಬುದು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಒಂದು ಪ್ರಾಣಿ, ಅದರ ಬೆನ್ನು ಹತ್ತಿ ನಾನು ಪಟ್ಟ ಪಾಡು, ಮತ್ತು ಅದರ ದೆಸೆಯಿಂದ ಸುಮಿತ್ರಾ ಎಂಬ ಹುಡುಗಿಯ ಕೆಲಸ ಹೋಗುವುದರಲ್ಲಿದ್ದ ಒಂದು ಮಳೆಗಾಲ.

ನಾನು ದಾಂಡೇಲಿಯ ಕಾಲೇಜಿಗೆ ಬಂದದ್ದು ಸೂಪಾದಲ್ಲಿ ಅಣೆಕಟ್ಟು ಏಳುತ್ತಿದ್ದ ವರ್ಷಗಳಲ್ಲಿ. ಧಾರವಾಡದಲ್ಲಿ ಓದಿದ್ದೆ. ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿ ಹಾವು, ಚೇಳು, ನಕ್ಷತ್ರಮೀನುಗಳ ಜತೆ ಮರದ ಹಲಗೆಗೆ ಅಂಟಿಸಿದ ಒಂದು ಕಪ್ಪು ಜಾಲರಿ ನಿಂತಿತ್ತು. ಮೇಲೆ ಧೂಳು. ಅದೇ ಕಡಲ ಬೀಸಣಿಗೆ, ಹವಳದ ಬಳಗಕ್ಕೆ ಸೇರಿದ ಪ್ರಾಣಿ. ವಿದ್ಯಾರ್ಥಿಗಳು ಪ್ರತಿ ವರ್ಷ ಅದನ್ನು ನೋಡಿ ಎಲೆ ಉದುರಿದ ಗಿಡದಂತೆ ಚಿತ್ರ ಬಿಡಿಸುತ್ತಿದ್ದರು. ನನ್ನ ಮೊದಲ ವರ್ಷವೇ ಒಬ್ಬ ಎದ್ದು ನಿಂತು, "ಮೇಡಂ, ಇದರ ಎಲಿ ಯಾವಾಗ ಉದರ್ತಾವ್ರಿ?" ಎಂದು ಕೇಳಿದ. ಬೈದು ಕೂರಿಸಿದೆ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯಿತು. ಅವನ ತಪ್ಪೇನು? ಪ್ರಾಣಿ ಎಂದು ಹೇಳಿ ಬರೀ ಎಲುಬು ತೋರಿಸಿದರೆ ಯಾರಾದರೂ ಏನು ತಿಳಿಯಬೇಕು? ನಾನು ಸಹ ಜೀವಂತ ಕಡಲ ಬೀಸಣಿಗೆಯನ್ನು ನೋಡಿರಲಿಲ್ಲ.

ವಿಭಾಗದ ಮುಖ್ಯಸ್ಥರು ಪಾಟೀಲ ಸರ್. ಒಳ್ಳೆಯ ಮನುಷ್ಯ, ಆದರೆ ಅವರಿಗೆ ಯಾವುದೂ ಕದಲಬಾರದು. "ಪರೀಕ್ಷಾದಾಗ ಇದನ್ನ ಇಡ್ತಾರ, ಇದರ ಚಿತ್ರಾ ತಗಿಯಾಕ ಹಚ್ಚರಿ. ಜೀವಂತ ಇದ್ದಾಗ ಹೆಂಗಿತ್ತು ಅನ್ನೂದು ತಗೊಂಡು ಏನ್ ಮಾಡ್ತೀರಿ?" ಎಂದರು. ನಾನು ಮುಖ ಊದಿಸಿಕೊಂಡು ಹೊರಬಂದೆ. ಆ ಶನಿವಾರವೇ ಕಾರವಾರದ ಬಸ್ಸು ಹತ್ತಿದೆ.

ದಡದಲ್ಲಿ ಮೀನುಗಾರರು ಬಲೆ ಬಿಡಿಸುತ್ತಿದ್ದರು. ಬಂಡೆಗಳ ಹತ್ತಿರ ಬೀಸಿದ ಬಲೆಗೆ ಇದು ಸಿಕ್ಕಿ ಬಂದರೆ ಅವರಿಗೆ ದೊಡ್ಡ ಕಿರಿಕಿರಿ. ಬಲೆ ಹರಿಯುತ್ತದೆ. ಬಿಡಿಸಿ ಮರಳಿಗೆ ಎಸೆಯುತ್ತಾರೆ. ಹಾಗೆ ಎಸೆದದ್ದನ್ನು ನಾನು ಎತ್ತಿಕೊಂಡು ಬಕೆಟ್ಟಿನ ನೀರಿಗೆ ಹಾಕಿದಾಗ ಒಬ್ಬ ಮೀನುಗಾರ್ತಿ ಕೊಂಕಣಿಯಲ್ಲಿ ಏನೋ ಅಂದಳು. ಸುತ್ತಲಿದ್ದವರೆಲ್ಲ ನಕ್ಕರು. ನನಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಕಪಾಟಿನಲ್ಲಿದ್ದ ಕರಿ ಜಾಲರಿಯೆಲ್ಲಿ, ಇದೆಲ್ಲಿ! ಕುಂಕುಮಕ್ಕಿಂತ ಸ್ವಲ್ಪ ಹಳದಿ ಕಡೆಗೆ ವಾಲುವ ಕೆಂಪು. ಕೊಂಬೆಗಳ ಮೇಲೆಲ್ಲ ಸಾಸಿವೆಯಷ್ಟು ಸಣ್ಣ ಉಬ್ಬುಗಳು. ಒಂದು ಕೊಂಬೆಗೆ ಹಾವಿನ ಬಾಲದಂಥ ತೋಳುಗಳ ಸಣ್ಣ ನಕ್ಷತ್ರಮೀನೊಂದು ಸುತ್ತಿಕೊಂಡಿತ್ತು. ಇನ್ನೊಂದರ ಮೇಲೆ ಬೀಸಣಿಗೆಯದೇ ಬಣ್ಣದ ಪುಟ್ಟ ಶಂಖದ ಹುಳು. ಬೆರಳು ತಾಗಿದ ಮೇಲೆಯೇ ಅದು ಬೇರೆ ಜೀವ ಎಂದು ನನಗೆ ತಿಳಿದದ್ದು.

ಹೊಸಬರಿಗಾಗಿ ಇಲ್ಲಿ ನಾಲ್ಕು ಮಾತು ಹೇಳಿಬಿಡುತ್ತೇನೆ. ಆ ಒಂದೊಂದು ಉಬ್ಬಿನೊಳಗೂ ಒಂದೊಂದು ಪುಟ್ಟ ಪ್ರಾಣಿ ಇರುತ್ತದೆ. ಅದಕ್ಕೆ ಒಂದು ಬಾಯಿ, ಬಾಯಿಯ ಸುತ್ತ ಗರಿಯಂಥ ಎಂಟು ಕೈ. ನೀರಿನಲ್ಲಿ ತೇಲಿ ಬರುವ ಕಣ್ಣಿಗೆ ಕಾಣದ ಜೀವಿಗಳನ್ನು ಆ ಕೈಗಳು ಹಿಡಿದು ತಿನ್ನುತ್ತವೆ. ಪ್ರತಿಯೊಂದಕ್ಕೂ ಬೇರೆ ಹೊಟ್ಟೆ, ಆದರೆ ಒಳಗೆ ಸಣ್ಣ ಕಾಲುವೆಗಳಿಂದ ಎಲ್ಲವೂ ಕೂಡಿಕೊಂಡಿವೆ. ಒಂದು ತಿಂದದ್ದು ಪಕ್ಕದವಕ್ಕೂ ಮುಟ್ಟುತ್ತದೆ. ಇಡೀ ಬೀಸಣಿಗೆ ಗಂಡು ಇಲ್ಲವೇ ಇಡೀ ಬೀಸಣಿಗೆ ಹೆಣ್ಣು, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ನಡುವೆ ಕೊಂಬಿನಂಥ ವಸ್ತುವಿನ ಕಪ್ಪು ಕಡ್ಡಿ, ಅದರ ಸುತ್ತ ಬಣ್ಣದ ತೊಗಟೆ. ತೊಗಟೆಯ ಮಾಂಸದಲ್ಲಿ ಸುಣ್ಣದ ಸಣ್ಣ ಸಣ್ಣ ಮುಳ್ಳುಗಳು ಹುದುಗಿರುತ್ತವೆ. ಯಾವ ಜಾತಿ ಎಂದು ಹೇಳುವುದು ಆ ಮುಳ್ಳುಗಳ ಆಕಾರ ನೋಡಿ. ಬಂಡೆಗೆ ಅಂಟಿಕೊಂಡು, ನೀರಿನ ಸೆಳೆತಕ್ಕೆ ಎದುರಾಗಿ ಅಗಲ ಬಿಚ್ಚಿ ನಿಲ್ಲುತ್ತದೆ. ಬೆಳೆಯುವುದು ಬಲು ನಿಧಾನ. ಅಂಗೈಯಷ್ಟಾಗಲು ವರ್ಷಗಳೇ ಬೇಕು.

ಮೊದಲನೆಯದನ್ನು ನಾನು ಕೊಂದೆ. ಎರಡನೆಯದನ್ನೂ. ಡಬ್ಬಿಯಲ್ಲಿ ಸಮುದ್ರದ ನೀರು ತುಂಬಿ, ಅದರಲ್ಲಿ ಬೀಸಣಿಗೆ ಇಟ್ಟು, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಘಾಟಿ ಹತ್ತಿ, ಜೋಯಿಡಾ ದಾಟಿ, ಗಣೇಶಗುಡಿಯ ಹತ್ತಿರ ಬಂದರೆ ಅಣೆಕಟ್ಟಿನ ಕೆಲಸದ ಲಾರಿಗಳು ರಸ್ತೆ ತುಂಬ. ಬಸ್ಸು ನಿಂತುಬಿಡುತ್ತಿತ್ತು. ಇಳಿದು ಬಸ್ಸಿನ ಸುತ್ತ ತಿರುಗುತ್ತಿದ್ದೆ, ಮತ್ತೆ ಹತ್ತುತ್ತಿದ್ದೆ. ಒಮ್ಮೆ ಕಂಡಕ್ಟರ್ ಕೇಳಿದ: "ಡಬ್ಬ್ಯಾಗ ಏನೈತ್ರಿ ಅಕ್ಕಾರ, ಕೂಸಿನ್ಹಂಗ ಹಿಡಕೊಂಡೀರಿ?"

"ಹವಳದ ಜಾತಿದಪಾ" ಎಂದೆ.

ಹವಳ ಎಂದದ್ದೇ ತಡ, ಇಡೀ ಬಸ್ಸು ನನ್ನ ಸೀಟಿನ ಸುತ್ತ ಸೇರಿತು. ಒಬ್ಬಾಕೆ ಕಿವಿಯೋಲೆಗೆ ಎರಡು ಸಿಗಬಹುದೇ ಎಂದಳು. ಮುಚ್ಚಳ ತೆಗೆದೆ. ಒಳಗೆ ಅದು ಆಗಲೇ ಸತ್ತು ಕೊಳೆಯಲು ಶುರುವಾಗಿತ್ತು. ಆ ವಾಸನೆಗೆ ಎಲ್ಲರೂ ಕಿಟಕಿಗೆ ಮುಖ ಇಟ್ಟರು. ದಾಂಡೇಲಿಯವರೆಗೆ ನನ್ನ ಪಕ್ಕದ ಸೀಟು ಖಾಲಿಯೇ ಉಳಿಯಿತು. ಆಮೇಲೆ ಆ ಕಂಡಕ್ಟರ್ ನನ್ನನ್ನು ಕಂಡರೆ ಸಾಕು, ಡಬ್ಬಿಯನ್ನು ಟಾಪಿನ ಮೇಲೆ ಹಾಕಲು ಕೈ ಚಾಚುತ್ತಿದ್ದ.

ಈ ಹೊತ್ತಿಗೆ ಸುಮಿತ್ರಾ ನಮ್ಮ ವಿಭಾಗಕ್ಕೆ ಡೆಮಾನ್‌ಸ್ಟ್ರೇಟರ್ ಆಗಿ ಬಂದಳು. ಗದಗಿನ ಕಡೆಯವಳು. ನನಗೆ ಎಷ್ಟು ಅವಸರವೋ ಅವಳಿಗೆ ಅಷ್ಟು ಸಮಾಧಾನ. ನಾನು ಸೂಕ್ಷ್ಮದರ್ಶಕದ ಕೆಳಗೆ ಮೂರು ಗಾಜು ಒಡೆಯುವ ಹೊತ್ತಿನಲ್ಲಿ ಅವಳು ಒಂದರ ಚಿತ್ರ ಪೂರ್ತಿ ಬಿಡಿಸಿರುತ್ತಿದ್ದಳು. ಆಗ ಒಂದು ಬೀಸಣಿಗೆ ಹೇಗೋ ಜೀವಂತ ಬಂದು ಪ್ರಯೋಗಶಾಲೆಯ ತೊಟ್ಟಿ ಸೇರಿತ್ತು. ಒಂದು ದಿನ ನಾನು ಆ ತೊಟ್ಟಿಯ ಹಳೆ ನೀರು ತೆಗೆದು ಮಗ್ಗಿನಿಂದ ಹೊಸ ನೀರು ಸುರಿಯುತ್ತಿದ್ದೆ. ನೀರು ಎಳೆಯಾಗಿ ಇಳಿಯುತ್ತಿದ್ದ ಕಡೆಯ ಕೊಂಬೆ ಬೆಳ್ಳಗೆ ಮಸುಕಾಯಿತು. ಬಗ್ಗಿ ನೋಡಿದರೆ, ಕೈಗಳು! ಅಷ್ಟು ದಿನ ಸತ್ತಂತೆ ಮುಚ್ಚಿಕೊಂಡಿದ್ದ ಪ್ರಾಣಿ ಹರಿಯುವ ನೀರು ಸಿಕ್ಕ ಕಡೆ ಮಾತ್ರ ಬಿಚ್ಚಿಕೊಳ್ಳುತ್ತಿತ್ತು. ನಿಂತ ನೀರಿನಲ್ಲಿ ಅದಕ್ಕೆ ಊಟ ಎಲ್ಲಿಂದ ಬರಬೇಕು? ಪುಸ್ತಕದಲ್ಲಿ ಬರೆದದ್ದೇ. ಓದಿದ್ದೆ, ಪಾಠ ಮಾಡಿದ್ದೆ, ತೊಟ್ಟಿಯ ಮುಂದೆ ನಿಂತಾಗ ನೆನಪಾಗಿರಲಿಲ್ಲ.

ಆಸ್ಪತ್ರೆಯಿಂದ ಸಲೈನಿನ ಹಳೆ ನಳಿಕೆ ತಂದೆವು. ಮೇಲೆ ಬಕೆಟ್ಟು, ಕೆಳಗೆ ತೊಟ್ಟಿ, ನಡುವೆ ನಳಿಕೆ. ತೊಟ್ಟಿಯಿಂದ ಉಕ್ಕಿದ ನೀರನ್ನು ಮತ್ತೆ ಮತ್ತೆ ಮೇಲಿನ ಬಕೆಟ್ಟಿಗೆ ಎತ್ತಬೇಕು. ಈಗ ನೀವು ಗುಂಡಿ ಒತ್ತಿದರೆ ಪಂಪು ತಿರುಗುತ್ತದೆ. ಆಗ ನಾವಿಬ್ಬರೇ ಪಂಪು. ಅದರ ಊಟಕ್ಕೆ ಬೇಯಿಸಿದ ತತ್ತಿಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಹನಿಹನಿಯಾಗಿ ಬಿಡುತ್ತಿದ್ದೆವು. ಸುಮಿತ್ರಾ ತತ್ತಿ ಮುಟ್ಟದ ಮನೆಯಿಂದ ಬಂದವಳು. ಮೊದಲ ದಿನ ಮೂಗು ಹಿಂಡಿಕೊಂಡಳು, ಎರಡನೆಯ ದಿನದಿಂದ ಅವಳೇ ಸೋಸಿದಳು. ನಾನು ಅವಸರ ಮಾಡಿ ಮುಚ್ಚಿದ್ದಾಗಲೇ ಸುರಿದು ನೀರು ಕೆಡಿಸುತ್ತಿದ್ದೆ. ಅವಳು ಬಿಚ್ಚುವವರೆಗೆ ಕಾಯುತ್ತಿದ್ದಳು.

ಒಮ್ಮೆ ಪರೀಕ್ಷೆಯ ಕೆಲಸಕ್ಕೆ ಇಬ್ಬರೂ ಮುಂಡಗೋಡಕ್ಕೆ ಹೋಗಿದ್ದೆವು. ಸಂತೆಯ ದಿನ. ಟಿಬೆಟನ್ ಕಾಲೊನಿಯ ಮಹಿಳೆಯೊಬ್ಬಳು ಮೆಕ್ಕೆಜೋಳದ ಚೀಲದ ಪಕ್ಕ ನಿಂತಿದ್ದಳು. ಕೊರಳಲ್ಲಿ ಹೆಬ್ಬೆರಳು ಗಾತ್ರದ ಹವಳಗಳ ಸರ. ಆಭರಣದ ಹವಳವೂ ನಮ್ಮ ಬೀಸಣಿಗೆಯೂ ಹತ್ತಿರದ ನೆಂಟರು, ಎರಡಕ್ಕೂ ಎಂಟೆಂಟು ಕೈ. ನಾನು ಮಸೂರ ತೆಗೆದುಕೊಂಡು ಆಕೆಯ ಕೊರಳಿಗೇ ಬಗ್ಗಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಂದು ಮಣಿ ಬಿಚ್ಚಿಕೊಟ್ಟರೆ ಮೇಲೆ ಒಂದು ಹನಿ ಆಸಿಡ್ ಹಾಕಿ ನಿಜವೋ ಸುಳ್ಳೋ ಹೇಳುತ್ತೇನೆ ಎಂದೆ.

"ಇದು ನಮ್ಮ ಅಮ್ಮಂದು. ಟಿಬೆಟ್‌ನಿಂದ ನಡೆದು ಬರುವಾಗ ಹಾಕಿಕೊಂಡು ಬಂದದ್ದು" ಎಂದಳು ಆಕೆ ತಿದ್ದಿದಂಥ ಕನ್ನಡದಲ್ಲಿ, ಸರವನ್ನು ಅಂಗಿಯೊಳಗೆ ಸೇರಿಸಿಕೊಳ್ಳುತ್ತ.

ಸುಮಿತ್ರಾ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. "ಎಲ್ಲಾ ಲ್ಯಾಬ್ ಅಲ್ಲರಿ ಮೇಡಂ" ಎಂದಳು. ನಾನು ನಕ್ಕುಬಿಟ್ಟೆ. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲವೇನೋ.

ಮರು ಬೇಸಿಗೆಯಲ್ಲಿ ಸುಮಿತ್ರಾಳ ಮದುವೆಯಾಯಿತು. ಗಂಡ ಮಹಾಂತೇಶ, ಹಳಿಯಾಳದವನು. ಅವರದು ಪೇಟೆಯಲ್ಲಿ ಕಿರಾಣಿ ಅಂಗಡಿ. ಮಾವನವರನ್ನು ಊರೆಲ್ಲ ಸಾವಕಾರರು ಎಂದೇ ಕರೆಯುತ್ತಿತ್ತು. ಅತ್ತೆ ನೀಲವ್ವ. ಮದುವೆಯ ಮಾತುಕತೆಯಲ್ಲಿಯೇ ಸೊಸೆ ನೌಕರಿ ಬಿಡುವುದಿಲ್ಲ ಎಂದು ಒಪ್ಪಿಕೊಂಡಿದ್ದರು. ಸುಮಿತ್ರಾ ದಿನಾ ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದಳು. ಮಳೆ ಹಿಡಿದ ಮೇಲೆ ಅವಳ ಮಾತು ಕಡಿಮೆಯಾಯಿತು. ಶ್ರಾವಣದ ಒಂದು ಮಧ್ಯಾಹ್ನ, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ, "ಮೇಡಂ, ಈ ತಿಂಗಳ ಮುಗಿಸಿ ನೌಕರಿ ಬಿಡ್ತೇನ್ರಿ" ಎಂದಳು.

ನನಗೆ ತಲೆ ಕೆಟ್ಟುಹೋಯಿತು. ಬಿಡದೆ ಕೇಳಿದ ಮೇಲೆ ಸಂಗತಿ ಹೊರಬಿತ್ತು. ಅತ್ತೆಮನೆಯ ನಡುಮನೆ ಬಾಗಿಲ ಮೇಲೆ ಗಾಜಿನ ಚೌಕಟ್ಟಿನಲ್ಲಿ ಒಂದು ಇಂದ್ರಜಾಲ ಇತ್ತು. ಇದನ್ನು ಈಗಿನವರೂ ನೋಡಿರಬಹುದು. ಕಾಡಿನ ಬಳ್ಳಿಯ ಬೇರು, ಮನೆಗೆ ಕೆಟ್ಟ ದೃಷ್ಟಿ ತಾಗದಂತೆ ಕಾಯುತ್ತದೆ ಎಂದು ಹೇಳಿ ಗಿಡಮೂಲಿಕೆಯವರು ಮಾರುತ್ತಿದ್ದರು. ಸಾವಕಾರರು ಬಹಳ ವರ್ಷದ ಹಿಂದೆ ಅಂಥವನೊಬ್ಬನಿಂದ ತೆಗೆದುಕೊಂಡಿದ್ದರು. ಮನೆಯವರು ದಿನಾ ಅದಕ್ಕೆ ಊದಿನಕಡ್ಡಿ ಬೆಳಗುತ್ತಿದ್ದರು. ಅದರ ಚೂರು ಉದುರಿದರೆ ಕೆಟ್ಟ ಕೈ ಮನೆ ಹೊಕ್ಕಿದೆ ಎಂದರ್ಥವಂತೆ. ಅಷ್ಟು ವರ್ಷ ಒಂದು ಎಸಳೂ ಉದುರದ್ದು ಆ ಮಳೆಗಾಲ ಉದುರತೊಡಗಿತ್ತು. ಅದೇ ತಿಂಗಳು ಅಂಗಡಿಯ ಬೆಲ್ಲ ಕರಗಿ ನೀರಾಯಿತು, ಸಾವಕಾರರು ಹಿತ್ತಲಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಮನೆಗೆ ಹೊಸದಾಗಿ ಬಂದ ಕೈ ಯಾವುದು? ಕಾಲೇಜಿನಲ್ಲಿ ಕಪ್ಪೆ ಕೊಯ್ಯುವ ಕೈ.

"ಅದು ಬೇರಲ್ಲರಿ ಮೇಡಂ" ಎಂದಳು ಸುಮಿತ್ರಾ ಮೆಲ್ಲಗೆ. "ನಮ್ಮದರಿ. ಕಡಲ ಬೀಸಣಿಗಿ. ಮನಿ ಹೊಕ್ಕ ದಿನಾನ ಗುರುತ ಹಿಡದೆ."

ಅಷ್ಟು ಕೇಳಿದ ಮೇಲೆ ನಾನು ಸುಮ್ಮನಿರುವುದುಂಟೇ? ಸಲೀಸಾದ ಕೆಲಸ ಎನಿಸಿತು. ಬೇರಲ್ಲ ಎಂದು ತೋರಿಸಿದರೆ ಮುಗಿಯಿತು, ಹುಡುಗಿಯ ನೌಕರಿ ಉಳಿಯಿತು. ಸುಮಿತ್ರಾ ಬೇಡ ಬೇಡ ಎಂದರೂ ಭಾನುವಾರ ಸೂಕ್ಷ್ಮದರ್ಶಕವನ್ನು ಟವೆಲಿನಲ್ಲಿ ಸುತ್ತಿ ಹಳಿಯಾಳದ ಬಸ್ಸು ಹತ್ತಿದೆ.

ಸಾವಕಾರರು ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದರು. ಮರ್ಯಾದೆಯಿಂದಲೇ ಕರೆದು ಕೂರಿಸಿದರು. ನೀಲವ್ವ ಚಹಾ ಕೊಟ್ಟರು. ನಾನು ಚಹಾ ಮುಗಿಯುವ ಮೊದಲೇ ಎದ್ದು ಚೌಕಟ್ಟಿನ ಕೆಳಗೆ ನಿಂತಿದ್ದೆ. ಸಂದೇಹವೇ ಇರಲಿಲ್ಲ. ನಮ್ಮ ಕಪಾಟಿನದಕ್ಕಿಂತ ದೊಡ್ಡದು, ಕೆಂಪು ತೊಗಟೆ ಇನ್ನೂ ಅರ್ಧ ಉಳಿದಿತ್ತು. ಚೌಕಟ್ಟಿನ ಹಿಂದಿನ ಹಲಗೆ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು.

"ಇದನ್ನ ಇತ್ತಿತ್ತಲಾಗ ಕೆಳಗ ಇಳಿಸಿದ್ರೇನ್ರಿ?" ಎಂದು ಕೇಳಿದೆ.

"ಮದುವ್ಯಾಗ ಸುಣ್ಣ ಬಳೀಬೇಕಾದ್ರ ಇಳಿಸಿದ್ವಿ" ಎಂದ ಮಹಾಂತೇಶ.

ಸಿಕ್ಕಿತು ಎಂದುಕೊಂಡೆ. ಹಲಗೆ ಸಡಿಲವಾಗಿ ಮಳೆಗಾಲದ ಹಸಿ ಗಾಳಿ ಒಳಹೊಕ್ಕಿದೆ. ಸಮುದ್ರದ ವಸ್ತು, ಮೈಯೆಲ್ಲ ಉಪ್ಪು. ಉಪ್ಪು ನೀರು ಎಳೆದುಕೊಂಡು ತೊಗಟೆ ಉಬ್ಬಿ ಉದುರುತ್ತಿದೆ. "ನಿಮ್ಮ ಅಂಗಡ್ಯಾಗಿನ ಬೆಲ್ಲಾ ಯಾಕ ಕರಗಿತು, ಇದೂ ಅದಕ್ಕ ಉದರಾಕತ್ತೈತಿ. ಮದುವಿಯಿಂದನ ಉದರಿದ್ದು ಖರೆ. ಮದುಮಗಳಿಂದ ಅಲ್ಲ" ಎಂದೆ. ಸಾವಕಾರರು ತಲೆದೂಗಿದರು. ಬೆಲ್ಲದ ಮಾತು ಅವರಿಗೆ ಹಿಡಿಸಿತು. ಸುಮಿತ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಸಾಕು ಎಂದು ಕಣ್ಸನ್ನೆ ಮಾಡಿದಳು. ಅಲ್ಲಿಗೆ ನಿಲ್ಲಿಸಿ ಬರಬೇಕಿತ್ತು.

ನಿಲ್ಲಿಸಲಿಲ್ಲ. ತಂದದ್ದನ್ನು ತೋರಿಸದೆ ಹೇಗೆ ಹೋಗುವುದು? ಉದುರಿದ ಒಂದು ಚೂರನ್ನು ಗಾಜಿನ ಮೇಲಿಟ್ಟು ಬ್ಲೀಚಿಂಗ್ ನೀರಿನ ಹನಿ ಹಾಕಿದೆ. ಒಣಗಿದ ಮಾಂಸ ನೊರೆಯಾಗಿ ಕರಗಿತು, ಸುಣ್ಣದ ಮುಳ್ಳುಗಳಷ್ಟೇ ಉಳಿದವು. ನೀಲವ್ವ ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದರು. ಕೆಂಪು, ಹಳದಿ, ಎರಡೂ ಕಡೆ ಚೂಪಾದ ಸಣ್ಣ ಕದಿರುಗಳು.

"ಅಯ್ಯ ಶಿವನ, ಎಷ್ಟ ಚೆಂದ ಅದಾವ! ಯಾ ಗಿಡದ್ದರಿ ಇವು?"

"ಗಿಡ ಅಲ್ಲರಿ, ಪ್ರಾಣಿ" ಎಂದೆ. ಮತ್ತೆ ನನ್ನ ಬಾಯಿಗೆ ತಡೆ ಇರಲಿಲ್ಲ. ಸಾವಿರಾರು ಬಾಯಿ, ಎಂಟೆಂಟು ಕೈ, ಹಿಡಿದು ತಿನ್ನುವುದು, ಗಂಡು ಬೇರೆ ಹೆಣ್ಣು ಬೇರೆ, ಎಲ್ಲ ಹೇಳಿದೆ. ಹೇಳುತ್ತ ನಡುಮನೆಯ ಉದ್ದಕ್ಕೂ ತಿರುಗಿದೆ. ಕೊನೆಗೆ, ಶಿಷ್ಯೆಯನ್ನು ಹೊಗಳಿ ಗಟ್ಟಿ ಮಾಡಿಬಿಡೋಣ ಎಂದು, "ನಮ್ಮ ಸುಮಿತ್ರಾನ ಕಣ್ಣ ಎಂಥಾ ಸೂಕ್ಷ್ಮ ನೋಡ್ರಿ, ನಿಮ್ಮ ಮನಿ ಹೊಕ್ಕ ದಿನಾನ ಗುರುತ ಹಿಡದಾಳ!" ಎಂದೆ.

ತತ್ತಿ ಸಹ ಹೊಸಿಲು ದಾಟದ ಮನೆ. ಶ್ರಾವಣ ಮಾಸ. ನೀಲವ್ವ ಸೂಕ್ಷ್ಮದರ್ಶಕದಿಂದ ಹಿಂದೆ ಸರಿದು ಸೆರಗಿನಿಂದ ಕೈ ಒರೆಸಿಕೊಂಡರು.

"ಅಂದ್ರ ಇಷ್ಟ ವರ್ಷ ನಾವು ಹೆಣಕ್ಕ ಊದಿನಕಡ್ಡಿ ಬೆಳಗಿದ್ವೇನು?"

ಸಾವಕಾರರು ಸೊಸೆಯ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತರಿ" ಎಂದಳು ಸುಮಿತ್ರಾ.

"ಗೊತ್ತಿದ್ದೂ ಬಾಯಿ ಮುಚಗೊಂಡು, ನಮ್ಮ ಜೋಡಿ ನಿಂತು ಕೈ ಮುಗದಿ? ನಾವು ಮಬ್ಬರಾಗೂದನ್ನ ನೋಡಿ ನಕ್ಕಿ ಏನು?"

"ಇಲ್ಲರಿ ಮಾವಾರ." ಅವಳು ಅಳಲಿಲ್ಲ. "ಬಂದ ದಿನ ಈ ಮನ್ಯಾಗ ನನಗ ಒಬ್ಬರ ಮುಖಾನೂ ಗುರುತಿರಲಿಲ್ಲ. ಮ್ಯಾಲ ನೋಡಿದೆ, ಅದು ಇತ್ತು. ಗುರುತಿಂದು ಅದೊಂದ ಇತ್ತರಿ. ಅದಕ್ಕ ಕೈ ಮುಗದೆ."

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಸಾವಕಾರರಿಗೆ ಆ ಮಾತು ಕೇಳಿಸಿದಂತೆ ಕಾಣಲಿಲ್ಲ. ಅದನ್ನು ಈಗಿಂದೀಗ ಹೊರಗೆ ಒಯ್ಯಿರಿ ಎಂದರು. ಹೆಣ ಎಂದು ತಿಳಿದ ಮೇಲೆ ಮುಟ್ಟುವವರು ಯಾರು? ಮಹಾಂತೇಶ ಸ್ಟೂಲು ತಂದಿಟ್ಟು ಹಿಂದೆ ಸರಿದ. ಸುಮಿತ್ರಾ ಹತ್ತಿ, ಚೌಕಟ್ಟು ಇಳಿಸಿ, ಸೆರಗಿನಲ್ಲಿ ಗಾಜು ಒರೆಸಿ ನನ್ನ ಕೈಗೆ ಕೊಟ್ಟಳು. ನೀಲವ್ವ ಅವಳ ಕೈಗಳನ್ನೇ ನೋಡುತ್ತಿದ್ದರು. ನಾನು ಅದನ್ನೂ ಸೂಕ್ಷ್ಮದರ್ಶಕವನ್ನೂ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದೆ. ಮಳೆ ಸುರಿಯುತ್ತಿತ್ತು. ಇಂಥ ದಡ್ಡತನ ನಾನು ಜೀವನದಲ್ಲಿ ಇನ್ನೊಂದು ಮಾಡಿಲ್ಲ. ಸುಳ್ಳು ಹೇಳಬೇಕಿತ್ತು ಎಂದು ಈಗಲೂ ಅನ್ನುವುದಿಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಎದ್ದು ಬರಬಹುದಿತ್ತು. ಹೊಸಬರು ಇದನ್ನು ಕಲಿತುಕೊಳ್ಳಿ, ನನ್ನಿಂದ ಆಗಲಿಲ್ಲ.

ಸೋಮವಾರ ಸುಮಿತ್ರಾ ಬರಲಿಲ್ಲ. ಆ ವಾರ ಬರಲಿಲ್ಲ. ಹಳಿಯಾಳದ ಬಸ್ಸಿನ ಹೊತ್ತಿಗೆ ನಾನು ಪ್ರಯೋಗಶಾಲೆಯ ಕಿಟಕಿಗೆ ಬಂದು ನಿಲ್ಲುತ್ತಿದ್ದೆ, ಬಸ್ಸು ಖಾಲಿಯಾಗಿ ಮುಂದೆ ಹೋದ ಮೇಲೂ ನಿಂತಿರುತ್ತಿದ್ದೆ. ಪಾಠದ ನಡುವೆ ಮಾತು ಮರೆಯುತ್ತಿತ್ತು. ಎರಡು ಸಲ ಹಳಿಯಾಳಕ್ಕೆ ಹೋಗಿ, ಪೇಟೆಯಲ್ಲಿ ಅವರ ಅಂಗಡಿಯ ಎದುರು ಸುತ್ತಿ, ಒಳಗೆ ಹೋಗುವ ಧೈರ್ಯವಾಗದೆ ಹಿಂದಿರುಗಿದೆ. ಅವಳಿಗೆ ಇನ್ನಷ್ಟು ಕಷ್ಟವಾದರೆ? ಮಹಾಂತೇಶ ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಆಕಿ ಆರಾಮ ಅದಾಳ್ರಿ, ಅಪ್ಪಗ ಸಿಟ್ಟ ಇಳಿದಿಲ್ಲ" ಎಂದಷ್ಟೇ ಹೇಳಿ ಹೊರಟುಬಿಟ್ಟ.

ಪಾಟೀಲ ಸರ್ ಮೊದಮೊದಲು ತಡೆದುಕೊಂಡರು. ಗಣೇಶ ಚೌತಿ ಮುಗಿದ ಮೇಲೆ ಕರೆಸಿದರು. "ಎಷ್ಟ ದಿನ ಜಾಗಾ ಖಾಲಿ ಇಡಾಕ ಬರ್ತೈತ್ರಿ? ದೀಪಾವಳಿ ಒಳಗ ಬರಲಿಲ್ಲಂದ್ರ ಬ್ಯಾರೆಯವರನ್ನ ತಗೊಳ್ಳೂದ." ಅವರ ಮೇಲೆ ಸಿಟ್ಟು ಮಾಡಲೂ ನನಗೆ ಬಾಯಿ ಇರಲಿಲ್ಲ.

ಕೂತಲ್ಲಿ ಕೂರಲಾಗದೆ ಮತ್ತೆ ಕಾರವಾರಕ್ಕೆ ಹೋಗತೊಡಗಿದೆ. ಮಳೆಗಾಲದಲ್ಲಿ ಕಾಳಿ ನದಿ ಕೆಂಪು ನೀರನ್ನು ಸಮುದ್ರದ ಬಾಯಿಗೆ ತಂದು ಸುರಿಯುತ್ತದೆ. ಮೇಲಿನ ಬಂಡೆಗಳ ಬೀಸಣಿಗೆಗಳು ಆ ಸಿಹಿನೀರಿಗೆ, ಆ ಮಣ್ಣಿಗೆ ಸತ್ತು ಕರ್ರಗಾಗಿ ದಡಕ್ಕೆ ಬರುತ್ತವೆ. ಆಳದಲ್ಲಿ ಇರುವವು ಬದುಕುತ್ತವೆ. ಅಣೆಕಟ್ಟು ಮುಗಿದು ನದಿಯ ಹರಿವು ಬದಲಾದರೆ ಇವುಗಳ ಗತಿ ಏನು ಎಂದು ಆಗ ಒಬ್ಬರೂ ಕೇಳುತ್ತಿರಲಿಲ್ಲ. ನಾನು ಕೇಳಿದೆ, ಉತ್ತರ ಹುಡುಕುವಷ್ಟು ಸಲಕರಣೆ ನನ್ನಲ್ಲಿರಲಿಲ್ಲ. ಈಗ ನೀರಿನೊಳಗೆ ಇಳಿದು ಫೋಟೊ ತೆಗೆಯುವವರಿದ್ದಾರೆ. ಬೀಸಣಿಗೆಯನ್ನು ಮುರಿದು ತರುವುದೂ ಮಾರುವುದೂ ಮನೆಯಲ್ಲಿ ತೂಗುಹಾಕುವುದೂ ಅಪರಾಧ ಎಂದು ಕಾನೂನೂ ಬಂದಿದೆ. ಬರಲೇಬೇಕಿತ್ತು. ನೀವು ಮುಟ್ಟದೆ ನೋಡಿ, ನನಗಿಂತ ಹೆಚ್ಚು ಕಾಣುತ್ತೀರಿ.

ದಸರಾ ರಜೆ ಮುಗಿದು ಕಾಲೇಜು ತೆರೆದ ವಾರ ಬಲೆಯವರು ಎಸೆದ ಒಂದು ಒಳ್ಳೆಯ ಬೀಸಣಿಗೆ ಸಿಕ್ಕಿತು. ಜೀವಂತವಾಗಿಯೇ ದಾಂಡೇಲಿ ಮುಟ್ಟಿಸಿದೆ. ಆದರೆ ತೊಟ್ಟಿಗೆ ಹಾಕಿದ ಮೇಲೆ ಬಿಚ್ಚಲೊಲ್ಲದು. ನಳಿಕೆಯ ನೀರು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ, ತತ್ತಿ ಸುರಿದು ನೀರು ಕೆಡಿಸಿದೆ. ಮರುದಿನವೂ ಹಾಗೇ. ತೊಟ್ಟಿಯ ಸುತ್ತ ತಿರುಗುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೀಲವ್ವ. ಹಿಂದೆ ತಲೆ ತಗ್ಗಿಸಿ ಸುಮಿತ್ರಾ.

"ಬನ್ನಿ ಕೊಟ್ಟ ಹೋಗೂಣು ಅಂತ ಬಂದ್ವಿರಿ ಅಕ್ಕಾರ" ಎಂದು ನೀಲವ್ವ ಎಲೆಗಳನ್ನು ನನ್ನ ಕೈಗಿಟ್ಟರು. ಹಬ್ಬ ಮುಗಿದು ಎಷ್ಟೋ ದಿನವಾಗಿತ್ತು, ಎಲೆ ಬಾಡಿದ್ದವು. ನಾನೂ ಕೊಟ್ಟೆ. ಅವರು ಸುತ್ತ ನೋಡಿದರು. "ಸತ್ತದ್ದಕ್ಕ ಇಷ್ಟ ವರ್ಷ ಕೈ ಮುಗದೇನಿ. ಜೀವಂತ ಇದ್ದದ್ದು ಹೆಂಗಿರ್ತೈತಿ, ಒಮ್ಮೆ ತೋರಸ್ರಿ. ನಮ್ಮ ಮನಿಯವರಿಗೆ ಹೇಳಿ ಬಂದಿಲ್ಲ."

ತೊಟ್ಟಿ ತೋರಿಸಿದೆ. ಮುಚ್ಚಿದ ಕೆಂಪು ಕೊಂಬೆಗಳು. ನೀಲವ್ವ ಸ್ಟೂಲಿನ ಮೇಲೆ ಕೂತರು. ಸುಮಿತ್ರಾ ಸೆರಗು ಸಿಗಿಸಿ ನಾನು ಕೆಡಿಸಿದ್ದ ನೀರು ತೆಗೆದಳು, ಡಬ್ಬಿಯಿಂದ ಹೊಸದು ತುಂಬಿದಳು, ನಳಿಕೆಯ ತುದಿಯನ್ನು ಕೊಂಬೆಗಳ ಅಗಲಕ್ಕೆ ಎದುರಾಗಿ ತಿರುಗಿಸಿದಳು. ನಾನು ಅಡ್ಡ ನಿಲ್ಲಿಸಿದ್ದೆ! ಆಮೇಲೆ ಕಾಯುವುದು. ನಾನು ಕಿಟಕಿಗೆ ಹೋದೆ, ಬಂದೆ, ಬಗ್ಗಿದೆ, ಮತ್ತೆ ಹೋದೆ.

"ಕುಂದರ್ರಿ ಅಕ್ಕಾರ. ನೀವು ಹಿಂಗ ಅಡ್ಡ್ಯಾಡಿದ್ರ ಯಾ ಜೀವ ಬಾಯಿ ತಗದೀತು?" ಎಂದರು ನೀಲವ್ವ.

ಕೂತೆ. ಮೊದಲ ಗಂಟೆಯ ಪಾಠ ಮುಗಿದು ಗಂಟೆ ಬಾರಿಸಿತು. ತುದಿಯ ಒಂದು ಕೊಂಬೆ ಮಸುಕಾಯಿತು. ಆಮೇಲೆ ಅದರ ಪಕ್ಕದ್ದು. ನೋಡನೋಡುತ್ತ ಇಡೀ ಬೀಸಣಿಗೆಯ ಮೇಲೆ ಬಿಳಿ ಗರಿಗಳು ಎದ್ದು ನೀರಿನ ಹರಿವಿಗೆ ಬಾಗಿ ಆಡತೊಡಗಿದವು. ನೀಲವ್ವ ಬಾಯಿಗೆ ಕೈ ಇಟ್ಟುಕೊಂಡರು. ಬಹಳ ಹೊತ್ತು ನೋಡಿದರು.

"ಹೆಣ್ಣೋ, ಗಂಡೋ?"

"ಕೊಯ್ದ ನೋಡಬೇಕರಿ" ಎಂದೆ.

"ಕೊಯ್ಯೂದು ಬ್ಯಾಡ. ಗೊತ್ತಾಗದಿದ್ರ ಅಡ್ಡಿ ಇಲ್ಲ." ಸೊಸೆಯ ಕಡೆ ತಿರುಗಿದರು. "ಇಷ್ಟೂ ಬಾಯಿಗೆ ಯಾರು ಹಾಕ್ತಾರ?"

"ನಾನ ಹಾಕ್ತಿದ್ದೆರಿ ಅತ್ತಿ."

"ಏನ ಹಾಕ್ತಿ?"

ಸುಮಿತ್ರಾ ನೆಲ ನೋಡಿದಳು. ನಾನು ನಾಲಿಗೆ ಕಚ್ಚಿಕೊಂಡೆ. ನೀಲವ್ವ ನಮ್ಮಿಬ್ಬರ ಮುಖವನ್ನೂ ನೋಡಿ ಕೈ ಅಡ್ಡ ಆಡಿಸಿದರು. "ಇರ್ಲಿ, ಹೇಳಬ್ಯಾಡ. ಅದರ ಊಟ ಅದಕ್ಕ. ನೀ ಇಲ್ಲದಾಗ?"

"ಮುಚಗೊಂಡ ಇರ್ತೈತ್ರಿ. ಮೇಡಂ ಅವರಿಗೆ ತಾಳ್ಮಿ ಇಲ್ಲ."

"ಉಪವಾಸ?"

"ಹೂನ್ರಿ."

ನೀಲವ್ವ ಎದ್ದು ಸೆರಗು ಹೊದ್ದುಕೊಂಡರು. ತೊಟ್ಟಿಯ ಕಡೆ ಇನ್ನೊಮ್ಮೆ ನೋಡಿದರು.

"ನಿಮ್ಮ ಮಾವಗ ನಾ ಹೇಳ್ತೇನಿ" ಎಂದರು ಸೊಸೆಗೆ. "ನಾಳಿ ಮುಂಜಾನಿ ಬಸ್ಸಿಗೆ ಬಾ ಇಲ್ಲಿಗೆ. ಹಸದ ಜೀವ ಬಿಟ್ಟು ಮನ್ಯಾಗ ಕುಂದರಬಾರ್ದು."